ಕೈಗೆ ಬರುವ ವಿದ್ಯೆ ಮತ್ತು ಬಾಗಿಲ ಪ್ರಶ್ನೆ

ಕಳೆದ ಬಕ್ರೀದ್ ಹಬ್ಬಕ್ಕೆ ಶಿರಸಿಯ ಮನೆಗೆ ಬಂದ ನಮ್ಮ ತಂಗಿಯ ಮಗಳು ಊಟ ಮುಗಿಯುವ ಮೊದಲೇ ಒಂದು ಕಾಗದದ ಕಟ್ಟನ್ನು ನಮ್ಮ ಮುಂದಿಟ್ಟಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಹುಡುಗಿ ಅವಳು. 'ಮಾಮೂ, ನೀವು ಕತೆ ಬರೆಯುವವರು. ಇದನ್ನು ಓದಿ. ಎಲ್ಲಿ ಮನಸ್ಸು ಒಪ್ಪುವುದಿಲ್ಲವೋ ಅಲ್ಲಿ ಗೆರೆ ಎಳೆಯಿರಿ' ಎಂದಳು. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಿಸುವುದನ್ನು ಕಲಿಯಲು ಆರು ತಿಂಗಳು ತೆಗೆದುಕೊಂಡವರು ನಾವು. ಆದರೂ ಹಬ್ಬದ ಮರುದಿನ ಹೊರಗೆ ಮಳೆ ಹಿಡಿದಿದ್ದಾಗ ಕುಳಿತು ಓದಿದೆವು.

ಅದೊಂದು ಪ್ರಸ್ತಾವ. ಸೂಪರ್ ಕಂಪ್ಯೂಟರುಗಳ ಮೇಲೆ ಕೆಲಸ ಮಾಡುವ ವಿದ್ವಾಂಸರು ವರ್ಷಕ್ಕೊಮ್ಮೆ ಸೇರುವ ಸಮ್ಮೇಳನಗಳಿವೆ. ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ ನಗರದಲ್ಲಿ 1988ರಲ್ಲಿ ಆರಂಭವಾದ ಸಮ್ಮೇಳನ ಇವುಗಳಲ್ಲಿ ಹೆಸರುವಾಸಿ. ನಮ್ಮ ದೇಶದಲ್ಲಿಯೂ 1990ರ ದಶಕದ ನಡುವಿನಿಂದ 'ಹೈಪಿಸಿ' ಎಂಬ ಅಂತಾರಾಷ್ಟ್ರೀಯ ಸಮ್ಮೇಳನ ಊರಿಂದ ಊರಿಗೆ ಬದಲಾಗುತ್ತ ನಡೆದುಬಂದಿದೆ. ಬೆಂಗಳೂರಿನಲ್ಲೇ ಹಲವು ಸಲ ನಡೆದಿದೆ, 2022ರಲ್ಲೂ 2024ರಲ್ಲೂ ನಡೆಯಿತು. ಇಂತಹ ಸಮ್ಮೇಳನಗಳಲ್ಲಿ ಪ್ರಬಂಧ ಓದುವುದರ ಜೊತೆಗೆ ಕಲಿಸುವ ತರಗತಿಗಳೂ ಇರುತ್ತವೆ. ಅವನ್ನು ಟ್ಯುಟೋರಿಯಲ್ ಎನ್ನುತ್ತಾರೆ. ಕಲಿಸಲು ಬಯಸುವವರು ತಿಂಗಳುಗಳ ಮೊದಲೇ ಪ್ರಸ್ತಾವ ಕಳಿಸಬೇಕು. ಪರಿಶೀಲಕರು ಓದಿ, ಆರಿಸುತ್ತಾರೆ.

ಆ ಪ್ರಸ್ತಾವದಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳನ್ನು ನೋಡಿ ನಮಗೆ ಬೆರಗಾಯಿತು. ಯಾರಿಗಾಗಿ ಕಲಿಸುತ್ತೀರಿ? ನಿಮ್ಮ ಪಾಠದಲ್ಲಿ ಹೊಸಬರಿಗೆ ನೂರಕ್ಕೆ ಎಷ್ಟು, ಸ್ವಲ್ಪ ಬಲ್ಲವರಿಗೆ ಎಷ್ಟು, ಪಳಗಿದವರಿಗೆ ಎಷ್ಟು? ಬರುವವರಿಗೆ ಮೊದಲೇ ಏನೇನು ಗೊತ್ತಿರಬೇಕು? ಯಾವ ಹೊತ್ತಿಗೆ ಏನು ಕಲಿಸುತ್ತೀರಿ? ಕೈಯಾರೆ ಮಾಡಿಸುವುದಾದರೆ ಯಾವ ಅಭ್ಯಾಸ, ಯಾವ ಯಂತ್ರದ ಮೇಲೆ? ಮೂವತ್ತು ವರ್ಷ ಪಾಠ ಹೇಳಿದ ಅನೇಕ ಮೇಷ್ಟ್ರುಗಳನ್ನು ಯಾರೂ ಈ ಪ್ರಶ್ನೆ ಕೇಳಿರಲಾರರು. ಕತೆ ಬರೆಯುವ ನಮ್ಮನ್ನೂ ಯಾರೂ ಕೇಳಿಲ್ಲ.

ನಾವು ಎರಡೇ ಕಡೆ ಗೆರೆ ಎಳೆದೆವು. ಒಂದು, 'ಇದು ಸಂಪೂರ್ಣ ಹ್ಯಾಂಡ್ಸ್ ಆನ್ ತರಗತಿ' ಎಂಬ ವಾಕ್ಯದ ಕೆಳಗೆ. ಇನ್ನೊಂದು, 'ಭಾಗವಹಿಸುವವರು ತಮ್ಮ ಲ್ಯಾಪ್‌ಟಾಪ್ ತರಬೇಕು, ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದು ರೂಢಿ ಇರಬೇಕು' ಎಂಬ ವಾಕ್ಯದ ಕೆಳಗೆ. ಮೊದಲನೆಯದು ಒಂದು ವಚನ. ಎರಡನೆಯದು ಒಂದು ಬಾಗಿಲು. ಇವೆರಡರ ಬಗ್ಗೆ ಮಾಮೂ ಸೊಸೆ ಮೂರು ದಿನ ಜಗಳವಾಡಿದ್ದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ. ಯಾಕೆಂದರೆ ಪ್ರಶ್ನೆ ಕಂಪ್ಯೂಟರಿಗೆ ಮಾತ್ರ ಸೇರಿದ್ದಲ್ಲ. ವಿದ್ಯೆ ಇದ್ದವನು ಇಲ್ಲದವನಿಗೆ ಏನು ಬಾಕಿ ಇದ್ದಾನೆ ಎಂಬುದು ಪ್ರಶ್ನೆ.

ಮೊದಲು ಆ ವಿದ್ಯೆ ಏನೆಂದು ನಾವು ತಿಳಿದುಕೊಂಡಷ್ಟನ್ನು ಹೇಳಬೇಕು. ಸೂಪರ್ ಕಂಪ್ಯೂಟರ್ ಎಂದರೆ ಒಂದು ಭಾರೀ ಮಿದುಳಲ್ಲ. ಸಾವಿರಾರು ಸಾಧಾರಣ ಮಿದುಳುಗಳನ್ನು ಜೋಡಿಸಿ ಒಂದೇ ಕೆಲಸಕ್ಕೆ ಹಚ್ಚುವ ವ್ಯವಸ್ಥೆ. ನಮ್ಮ ಸೀಮೆಯ ಅಡಿಕೆ ಸುಗ್ಗಿಯನ್ನು ನೆನೆಯಿರಿ. ರಾಶಿ ಅಡಿಕೆ ಮಾಡುವ ಮನೆಯಲ್ಲಿ ಒಬ್ಬನೇ ಕುಳಿತು ಸುಲಿದರೆ ಒಂಬತ್ತು ತಾಸು, ಬೇಯಿಸಲು ಒಂದು ತಾಸು ಎಂದಿಟ್ಟುಕೊಳ್ಳಿ. ಒಟ್ಟು ಹತ್ತು ತಾಸು. ಒಂಬತ್ತು ಜನ ಮೆಟ್ಟುಗತ್ತಿ ಹಿಡಿದು ಕೂತರೆ ಸುಲಿಯುವುದು ಒಂದು ತಾಸಿಗೆ ಮುಗಿಯುತ್ತದೆ, ಬೇಯಿಸಲು ಮತ್ತೊಂದು ತಾಸು. ಎರಡು ತಾಸಾಯಿತು. ತೊಂಬತ್ತು ಜನ ಕೂತರೆ? ಸುಲಿಯುವುದು ಆರು ನಿಮಿಷ, ಆದರೆ ಹಂಡೆ ಒಂದೇ, ಬೇಯುವ ತಾಸು ಹಾಗೇ ಉಳಿಯಿತು. ಊರನ್ನೇ ಕರೆತಂದರೂ ಒಂದು ತಾಸಿಗಿಂತ ಕಡಿಮೆಯಾಗದು. ಹಂಚಲಾಗದ ಕೆಲಸವೇ ಒಟ್ಟು ವೇಗದ ಮಿತಿ ಎಂಬ ಈ ಮಾತನ್ನು 1967ರಲ್ಲಿ ಜೀನ್ ಆಮ್ಡಾಲ್ ಎಂಬ ಎಂಜಿನಿಯರ್ ಮಂಡಿಸಿದರು. ಇಂದಿಗೂ ಈ ವಿದ್ಯೆಯ ಮೊದಲ ಪಾಠಗಳಲ್ಲಿ ಅದೊಂದು.

ಎರಡನೇ ಪಾಠ ಇನ್ನೂ ಸೂಕ್ಷ್ಮ. ಅಡಿಕೆ ಮಂಡಿಯ ಖಾತೆ ಪುಸ್ತಕದಲ್ಲಿ ನೂರು ಚೀಲ ಎಂದು ಬರೆದಿದೆ. ಇಬ್ಬರು ಗುಮಾಸ್ತರು ಒಂದೇ ಹೊತ್ತಿಗೆ ಅದನ್ನು ನೋಡಿದರು. ಒಬ್ಬನ ಬಳಿ ಇಪ್ಪತ್ತು ಚೀಲ ಬಂದಿದೆ, ಇನ್ನೊಬ್ಬನ ಬಳಿಯೂ ಇಪ್ಪತ್ತು. ಇಬ್ಬರೂ ಮನಸ್ಸಿನಲ್ಲೇ ಕೂಡಿ ಒಬ್ಬರ ನಂತರ ಒಬ್ಬರು 120 ಎಂದು ಬರೆದರು. ಇರಬೇಕಾದದ್ದು 140. ಇಬ್ಬರೂ ಪ್ರಾಮಾಣಿಕರು, ಇಬ್ಬರ ಲೆಕ್ಕವೂ ಸರಿ, ಆದರೂ ಇಪ್ಪತ್ತು ಚೀಲ ಮಾಯ. ಹಲವು ಮಿದುಳುಗಳು ಒಂದೇ ಲೆಕ್ಕಕ್ಕೆ ಕೈ ಹಾಕಿದಾಗ ಕಂಪ್ಯೂಟರಿನಲ್ಲೂ ಹೀಗೇ ಆಗುತ್ತದೆ. ಕಷ್ಟವೇನೆಂದರೆ ಪ್ರತಿ ಸಲವೂ ಆಗುವುದಿಲ್ಲ. ಒಂಬತ್ತು ಸಲ ಸರಿಯಾದ ಉತ್ತರ ಬಂದು ಹತ್ತನೇ ಸಲ ತಪ್ಪು ಬರಬಹುದು.

ಇದನ್ನು ನಾವು ಈಗ ಮಾತಿನಲ್ಲಿ ಹೇಳಿದೆವು, ಓದುಗರು ಅರ್ಥ ಮಾಡಿಕೊಂಡಿರಿ. ಹಾಗಾದರೆ ಕೈಯಾರೆ ಮಾಡಿಸುವ ತರಗತಿ ಯಾಕೆ ಬೇಕು? ನಮ್ಮ ಮೊದಲ ಗೆರೆ ಇದ್ದದ್ದು ಅಲ್ಲೇ.

ಇದಕ್ಕೆ ಉತ್ತರ ನಮ್ಮದೇ ಬಾಲ್ಯದಲ್ಲಿದೆ. ನಾವು ಮೊದಲು ಕಲಿತದ್ದು ಉರ್ದು ಶಾಲೆಯಲ್ಲಿ, ಅನಂತರ ಕನ್ನಡ ಶಾಲೆಯಲ್ಲಿ. ಉರ್ದು ಬಲದಿಂದ ಎಡಕ್ಕೆ ಹರಿಯುವ ಲಿಪಿ, ಕನ್ನಡ ಎಡದಿಂದ ಬಲಕ್ಕೆ. ಕನ್ನಡ ಮೇಷ್ಟ್ರು ಮೊದಲ ದಿನವೇ 'ಎಡಗಡೆಯಿಂದ ಬರೆಯಬೇಕು' ಎಂದು ಹೇಳಿದರು. ನಮಗೆ ಅರ್ಥವಾಯಿತು. ಬೇಕಾದರೆ ಅದನ್ನು ನಾವು ಬೇರೆ ಹುಡುಗರಿಗೆ ವಿವರಿಸಬಲ್ಲವರಾಗಿದ್ದೆವು. ಆದರೆ ಸ್ಲೇಟು ಮುಂದೆ ಬಂದ ಕೂಡಲೇ ನಮ್ಮ ಕೈ ತಾನಾಗಿ ಬಲ ಅಂಚಿಗೆ ಹೋಗುತ್ತಿತ್ತು. ಅದು ಎಡಕ್ಕೆ ಬರಲು ತಿಂಗಳುಗಳೇ ಹಿಡಿದವು. ಮೇಷ್ಟ್ರು ನಮ್ಮ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ಬರೆಸಿದರು. ತಿಳಿದದ್ದು ತಲೆಯಲ್ಲಿತ್ತು, ಇನ್ನೂ ಕೈಗೆ ಇಳಿದಿರಲಿಲ್ಲ.

ಇಂಗ್ಲಿಷ್ ತತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರಲ್ಲಿ ಪ್ರಕಟಿಸಿದ ಮನಸ್ಸಿನ ಕುರಿತ ಗ್ರಂಥದಲ್ಲಿ ಈ ಎರಡನ್ನೂ ಬೇರೆ ಮಾಡಿ ತೋರಿಸಿದರು: ಹೀಗಿದೆ ಎಂದು ತಿಳಿಯುವುದು ಬೇರೆ, ಹೇಗೆ ಮಾಡಬೇಕೆಂದು ತಿಳಿಯುವುದು ಬೇರೆ. ಅವರಿಗಿಂತ ಸುಮಾರು ಆರು ಶತಮಾನ ಹಿಂದೆ, 1377ರಲ್ಲಿ, ಇಬ್ನ್ ಖಲ್ದೂನ್ ತಮ್ಮ 'ಮುಖದ್ದಿಮಾ'ದಲ್ಲಿ ಕಸುಬುಗಳ ಬಗ್ಗೆ ಬರೆಯುತ್ತ ಒಂದು ಪದವನ್ನು ಮತ್ತೆ ಮತ್ತೆ ಬಳಸುತ್ತಾರೆ: ಮಲಕ. ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಮನುಷ್ಯನಲ್ಲಿ ನೆಲೆಯೂರುವ ಪಳಗುವಿಕೆ ಅದು. ಬರೀ ಕೇಳಿ ತಿಳಿದುದಕ್ಕಿಂತ ಕಣ್ಣಾರೆ ಕಂಡು ಮಾಡಿದ್ದರಿಂದ ಬಂದ ಮಲಕ ಗಟ್ಟಿಯಾದುದು, ಅದಕ್ಕೆ ಕಲಿಸುವವನ ಮೇಳ ಬೇಕು ಎಂಬುದು ಅವರ ನಿಲುವು. ಉರ್ದುವಿನಲ್ಲಿ ಈ ಪದ ಇಂದಿಗೂ ಬಳಕೆಯಲ್ಲಿದೆ. ಹಾಡುಗಾರನಿಗೆ ರಾಗದ ಮೇಲೆ, ದರ್ಜಿಗೆ ಕತ್ತರಿಯ ಮೇಲೆ ಮಲಕ ಇದೆ ಎನ್ನುತ್ತೇವೆ.

ಸಿದ್ದಾಪುರದ ನಮ್ಮ ಗೆಳೆಯರೊಬ್ಬರ ತೋಟದಲ್ಲಿ ನೋಡಿದ್ದನ್ನು ಹೇಳಬೇಕು. ಅಡಿಕೆಗೆ ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣ ಸಿಂಪಡಿಸುವ ದಾರಿ ತೋರಿಸಿದರು. ಅದರ ಸೂತ್ರ ಎಲ್ಲರಿಗೂ ಬಾಯಿಪಾಠ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸೂತ್ರ ಇಷ್ಟೇ ಆದರೂ ಗೆಳೆಯರ ಮಗ ಮೊದಲ ಸಲ ಕಲಸಿದಾಗ ಕೆಟ್ಟಿತು. ಸುಣ್ಣ ಹಳೆಯದಾಗಿತ್ತು. ಅಪ್ಪ ಬೈಯಲಿಲ್ಲ. ತೊಳೆದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದು ತೋರಿಸಿದರು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತ್ತು. ಇನ್ನೂ ಸುಣ್ಣ ಬೇಕು ಎಂದರ್ಥ. ಹುಡುಗ ಸ್ವಲ್ಪ ಸ್ವಲ್ಪ ಸುಣ್ಣದ ತಿಳಿ ಸೇರಿಸುತ್ತ, ಚಾಕು ಅದ್ದುತ್ತ, ಕೆಂಪು ನಿಲ್ಲುವ ತನಕ ಮಾಡಿದ. ಆ ಹುಡುಗ ಇನ್ನು ಮರೆಯಲಾರ. ಕೆಡಲು ಬಿಟ್ಟದ್ದು, ಕೆಟ್ಟದ್ದನ್ನು ತಾನೇ ಗುರುತಿಸುವ ಸಾಧನ ಕೊಟ್ಟದ್ದು, ಸರಿಯಾಗುವ ತನಕ ಪಕ್ಕದಲ್ಲಿ ನಿಂತದ್ದು, ಈ ಮೂರೂ ಸೇರಿ ಪಾಠವಾಯಿತು.

ನಮ್ಮ ಸೊಸೆಯ ಪ್ರಸ್ತಾವದಲ್ಲಿ ಈ ಮೂರಕ್ಕೂ ಜಾಗವಿರಲಿಲ್ಲ. ಮೂರು ತಾಸಿನ ತರಗತಿಯಲ್ಲಿ ಎರಡು ತಾಸು ಹತ್ತು ನಿಮಿಷ ಅವಳ ಮಾತು. ಉಳಿದದ್ದರಲ್ಲಿ ಐದು ಅಭ್ಯಾಸ. ಅಭ್ಯಾಸ ಎಂದರೇನು ಎಂದು ಕೇಳಿದೆವು. ಅವಳು ಬರೆದಿಟ್ಟ ಆಜ್ಞೆಗಳನ್ನು ಎಲ್ಲರೂ ಹಾಗೇ ಒತ್ತುವುದು, ಅವಳು ಹೇಳಿದ ಉತ್ತರವೇ ಪರದೆಯ ಮೇಲೆ ಬರುವುದು. ಇದು ನಕಲು, ಕೈಯ ಕಲಿಕೆ ಅಲ್ಲ ಎಂದೆವು. 'ಎಲ್ಲ ಕಡೆಯೂ ಹೀಗೇ ಮಾಡುತ್ತಾರೆ ಮಾಮೂ, ಸಮಯ ಸಾಲುವುದಿಲ್ಲ' ಎಂದಳು. ಸಮಯ ಸಾಲದಿದ್ದರೆ ಪಾಠ ಕಡಿಮೆ ಮಾಡು, ವಚನವನ್ನು ಕಡಿಮೆ ಮಾಡಬೇಡ ಎಂದೆವು. ಐದು ವಿಷಯ ಮುಟ್ಟಿಸಿದೆ ಎಂಬ ಸಮಾಧಾನ ಕಲಿಸುವವನದು. ಒಂದನ್ನಾದರೂ ಮನೆಗೆ ಒಯ್ದೆ ಎಂಬ ಸಮಾಧಾನ ಕಲಿಯುವವನದು. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಹೆಚ್ಚಿನವರು ಮೊದಲನೆಯದನ್ನು ಆರಿಸುತ್ತಾರೆ, ಯಾಕೆಂದರೆ ಪ್ರಸ್ತಾವದಲ್ಲಿ ಅದು ದೊಡ್ಡದಾಗಿ ಕಾಣುತ್ತದೆ. ಹೀಗಾಗಿ 'ಕೈಯಾರೆ ಮಾಡಿಸುತ್ತೇವೆ' ಎಂಬ ಮಾತಿನಲ್ಲಿ ಒಂದು ಸಣ್ಣ ಸುಳ್ಳು ಸೇರಿಕೊಳ್ಳುತ್ತದೆ. ವಿದ್ಯೆಯನ್ನು ಅಮಾನತ್ ಎಂದು, ಒಪ್ಪಿಸಬೇಕಾದ ಒತ್ತೆ ಎಂದು ನಂಬಿದವರು ಇದನ್ನು ಸಣ್ಣದೆಂದು ಬಿಡುವಂತಿಲ್ಲ.

ಈ ಮಾತಿನಲ್ಲಿ ನಮ್ಮ ಸೊಸೆ ಸೋತಳು. ಎರಡನೇ ಗೆರೆಯ ವಿಷಯದಲ್ಲಿ ಸೋತವರು ನಾವು, ಅಥವಾ ಅರ್ಧ ಸೋತೆವು.

ಲ್ಯಾಪ್‌ಟಾಪ್ ತರಬೇಕು, ಸಿ ಭಾಷೆ ರೂಢಿ ಇರಬೇಕು ಎಂದು ಬರೆದರೆ ಯಲ್ಲಾಪುರದ ಒಳಹಳ್ಳಿಯಿಂದ ಬಂದು ಪದವಿ ಓದುತ್ತಿರುವ ಹುಡುಗಿ ಹೊರಗುಳಿದಳಲ್ಲ, ನೀನೂ ಶಿರಸಿಯವಳೇ ತಾನೆ ಎಂದು ನಾವು ಸ್ವಲ್ಪ ಬಿಸಿಯಾಗಿಯೇ ಕೇಳಿದೆವು. ಅವಳ ಉತ್ತರ ನೇರವಾಗಿತ್ತು: 'ಬರೆಯದಿದ್ದರೆ ಆ ಹುಡುಗಿ ಬರುತ್ತಾಳೆ. ನಾನೂರು ಕಿಲೋಮೀಟರ್ ಬಸ್ಸಿನಲ್ಲಿ ಬರುತ್ತಾಳೆ. ಮೊದಲ ಹತ್ತು ನಿಮಿಷದಲ್ಲೇ ಅವಳಿಗೆ ದಾರಿ ತಪ್ಪುತ್ತದೆ. ಉಳಿದ ಹೊತ್ತು ತಾನು ದಡ್ಡಿ ಎಂದುಕೊಳ್ಳುತ್ತ ಕೂರುತ್ತಾಳೆ. ಇದು ಸ್ವಾಗತವೇ ಮಾಮೂ?'

ನಾವು ಸುಮ್ಮನಾದೆವು. ಯಾಕೆಂದರೆ ಹಾಗೆ ಕುಳಿತ ಅನುಭವ ನಮಗಿದೆ. ವರ್ಷಗಳ ಹಿಂದೆ ಒಂದು ನಗರದಲ್ಲಿ ಚಿತ್ರಕತೆ ಬರೆಯುವ ಶಿಬಿರವಿದೆ, ಎಲ್ಲರಿಗೂ ಸ್ವಾಗತ ಎಂಬ ಪ್ರಕಟಣೆ ಓದಿ ರಜೆ ಹಾಕಿ ಹೋಗಿದ್ದೆವು. ಅಲ್ಲಿ ಎಲ್ಲವೂ ಒಂದು ಸಾಫ್ಟ್‌ವೇರ್ ಮೂಲಕ. ಅದು ಎಲ್ಲರಿಗೂ ಗೊತ್ತಿರುತ್ತದೆ ಎಂದು ಕಲಿಸುವವರು ಭಾವಿಸಿದ್ದರು. ಎರಡು ದಿನ ಹಿಂದಿನ ಸಾಲಿನಲ್ಲಿ ಕುಳಿತು, ಪಕ್ಕದವನ ಪರದೆ ನೋಡುತ್ತ ತಲೆಯಾಡಿಸಿದೆವು. ಬಾಗಿಲು ಮುಚ್ಚಿದ್ದರೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಪ್ರವೇಶದ ಷರತ್ತನ್ನು ಪ್ರಾಮಾಣಿಕವಾಗಿ ಬರೆಯುವುದೂ ಒಂದು ಬಗೆಯ ಗೌರವವೇ ಎಂದು ಒಪ್ಪಬೇಕಾಯಿತು.

ಆದರೆ ಅರ್ಧ ಮಾತ್ರ ಸೋತೆವು ಎಂದೆವು. ಷರತ್ತಿನಲ್ಲಿ ಎರಡು ಜಾತಿಗಳಿವೆ. ಸಿ ಭಾಷೆ ಬರಬೇಕು ಎಂಬುದು ಪಾಠದ ಒಳಗಿನಿಂದ ಹುಟ್ಟಿದ ಷರತ್ತು. ಅಕ್ಷರ ಬಾರದೆ ಪತ್ರ ಬರೆಯಲಾಗದು, ಅಷ್ಟೇ. ಸ್ವಂತ ಲ್ಯಾಪ್‌ಟಾಪ್ ತರಬೇಕು ಎಂಬುದು ಹಾಗಲ್ಲ. ಅದು ಕಲಿಯುವವಳ ಸಿದ್ಧತೆಯನ್ನು ಕೇಳುವುದಿಲ್ಲ, ಅವಳ ಅಪ್ಪನ ಜೇಬನ್ನು ಕೇಳುತ್ತದೆ. ಎರಡನ್ನೂ ಒಂದೇ ವಾಕ್ಯದಲ್ಲಿ, ಒಂದೇ ಉಸಿರಿನಲ್ಲಿ ಬರೆಯುವುದು ತಪ್ಪು ಎಂಬುದು ನಮ್ಮ ವಾದ. ಮೊದಲ ಬಗೆಯ ಷರತ್ತನ್ನು ತೆಗೆಯಲಾಗದು. ಆದರೆ ಅದನ್ನು ಪೂರೈಸುವ ದಾರಿ ಎಲ್ಲಿದೆ ಎಂದು ಹೇಳುವ ಹೊಣೆ ಇದೆ. ಎರಡನೇ ಬಗೆಯದನ್ನು ಕಲಿಸುವವನೇ ಹೊರಬೇಕು, ಇಲ್ಲವೇ ಕಲಿಸುವುದರ ರೀತಿಯನ್ನೇ ಬದಲಿಸಬೇಕು.

ಬಾಗಿಲ ಹೊರಗೆ ನಿಲ್ಲುವುದು ಹೇಗಿರುತ್ತದೆ ಎಂಬುದು ಈ ವಿದ್ಯೆಯ ವಿಷಯದಲ್ಲಿ ನಮ್ಮ ದೇಶಕ್ಕೇ ಗೊತ್ತು. 1980ರ ದಶಕದಲ್ಲಿ ಭಾರತ ಅಮೆರಿಕದ ಕ್ರೇ ಕಂಪನಿಯ ಸೂಪರ್ ಕಂಪ್ಯೂಟರನ್ನು ಕೇಳಿದಾಗ ಅದು ಸುಲಭವಾಗಿ ಸಿಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬೇಕೆಂದ ಯಂತ್ರಕ್ಕೆ ಅಮೆರಿಕ ಒಪ್ಪಲಿಲ್ಲ. ಕೊನೆಗೆ ಅದಕ್ಕಿಂತ ಸಣ್ಣ ಯಂತ್ರವೊಂದು, ಹವಾಮಾನದ ಲೆಕ್ಕಕ್ಕಷ್ಟೇ ಎಂಬ ಕಟ್ಟುಪಾಡಿನೊಂದಿಗೆ ದೆಹಲಿಗೆ ಬಂತು. ನಿಮ್ಮ ಕೈಗೆ ಇದನ್ನು ಕೊಡಲಾರೆವು ಎಂಬುದು ಅದರ ತಾತ್ಪರ್ಯ. ಆ ಹೊತ್ತಿಗೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ ಪ್ರಯೋಗಾಲಯದವರು 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ತಾವೇ ಜೋಡಿಸಿದ್ದರು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಆರಂಭವಾಯಿತು. ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಸಿದ್ಧವಾಯಿತು. 2015ರಲ್ಲಿ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಘೋಷಣೆಯಾಯಿತು. ಅದರ ಅಡಿಯಲ್ಲಿ 2022ರಲ್ಲಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ಪರಮ್ ಪ್ರವೇಗ ಸ್ಥಾಪನೆಯಾಯಿತು. ಅದರ ಶಕ್ತಿ 3.3 ಪೆಟಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ.

ಈ ಕತೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕು. ಆದರೆ ಕೈಗೆ ಕೊಡಲಾರೆವು ಎಂದವರನ್ನು ದೂರಿದ ದೇಶ, ತನ್ನದೇ ಹುಡುಗ ಹುಡುಗಿಯರ ಕೈಗೆ ಎಷ್ಟು ಕೊಟ್ಟಿತು ಎಂಬ ಪ್ರಶ್ನೆಯೂ ಅದೇ ಕತೆಯ ಮುಂದಿನ ಅಧ್ಯಾಯವಲ್ಲವೇ? ಆ ಮಿಷನ್ನಿನ ಉದ್ದೇಶಗಳಲ್ಲಿ ಯಂತ್ರ ಕಟ್ಟುವುದರ ಜೊತೆ ಮನುಷ್ಯರನ್ನು ತಯಾರು ಮಾಡುವುದೂ ಸೇರಿದೆ. ಯಂತ್ರವನ್ನು ಕೊಳ್ಳಬಹುದು, ಕಟ್ಟಬಹುದು. ಮಲಕವನ್ನು ಒಬ್ಬೊಬ್ಬರ ಕೈಯಲ್ಲೇ ಬೆಳೆಸಬೇಕು.

ಅಡಿಕೆ ಬೆಳೆಯುವ ತಾಲೂಕುಗಳಿಗೆ ಈ ದೊಡ್ಡ ಯಂತ್ರ ಯಾಕೆ ಎಂದು ಓದುಗರು ಕೇಳಬಹುದು. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆಗಳು ಹೋದವು. ಅದೇ ಮಳೆಯಲ್ಲಿ ಅರಬೈಲು ಘಾಟಿಯೂ ಕುಸಿಯಿತು. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದದ್ದನ್ನು ಯಾರೂ ಮರೆತಿಲ್ಲ. ಗುಡ್ಡ ಯಾವಾಗ ಜಾರುತ್ತದೆ ಎಂದು ಯಾವ ಯಂತ್ರವೂ ಕರಾರುವಾಕ್ಕಾಗಿ ಹೇಳದು. ಆದರೆ ಮಳೆಯ ಮುನ್ಸೂಚನೆ ಸೂಪರ್ ಕಂಪ್ಯೂಟರಿನ ಕೆಲಸವೇ. ಭೂಪಟವನ್ನು ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕದ ಗಾಳಿ, ತೇವ, ಶಾಖವನ್ನು ಲೆಕ್ಕ ಹಾಕುತ್ತಾರೆ. 2018ರಲ್ಲಿ ಪುಣೆಗೆ ಪ್ರತ್ಯೂಷ್, ನೋಯ್ಡಾಕ್ಕೆ ಮಿಹಿರ್ ಎಂಬ ಯಂತ್ರಗಳು ಬಂದವು, 2024ರಲ್ಲಿ ಅರ್ಕ ಮತ್ತು ಅರುಣಿಕ ಬಂದವು. ಹನ್ನೆರಡು ಕಿಲೋಮೀಟರಿನ ಚೌಕ 2025ರ ಮೇ ತಿಂಗಳಲ್ಲಿ ಆರು ಕಿಲೋಮೀಟರಿಗೆ ಇಳಿಯಿತು. ನಮ್ಮ ಘಟ್ಟದ ಒಂದು ಕಣಿವೆ ಅದಕ್ಕಿಂತಲೂ ಸಣ್ಣದು. ಒಂದೇ ಚೌಕದೊಳಗೆ ಒಂದು ಊರಿಗೆ ಜಡಿಮಳೆ, ಮುಂದಿನ ಊರಿಗೆ ಹನಿ. ಆ ಚೌಕವನ್ನು ಇನ್ನೂ ಕಿರಿದು ಮಾಡಿ, ಈ ಗುಡ್ಡ ಈ ಹಳ್ಳದ ಹೆಸರು ಬಲ್ಲವರೊಬ್ಬರು ಲೆಕ್ಕಕ್ಕೆ ಕೂತರೆ ಬೇರೆಯೇ ಪ್ರಶ್ನೆಗಳನ್ನು ಕೇಳಬಲ್ಲರು. ಹಾಗೆ ಕೇಳಬಲ್ಲವಳು ಬಾಗಿಲ ಹೊರಗೇ ಉಳಿದರೆ ನಷ್ಟ ಅವಳಿಗೆ ಮಾತ್ರವಲ್ಲ.

ಮೂರನೇ ದಿನ ನಮ್ಮ ಸೊಸೆ ತಾನೇ ಒಂದು ದಾರಿ ಹುಡುಕಿದಳು. ಸಮ್ಮೇಳನಕ್ಕೆ ಕಳಿಸುವ ಮೊದಲು ಈ ಪಾಠವನ್ನು ಇಲ್ಲೇ ಒಮ್ಮೆ ಮಾಡಿ ನೋಡುತ್ತೇನೆ ಎಂದಳು. ಎರಡು ವಾರ ಬಿಟ್ಟು ಒಂದು ಭಾನುವಾರ ಮತ್ತೆ ಬಂದಳು. ಶಿರಸಿಯಲ್ಲಿ ಗೆಳೆಯರೊಬ್ಬರ ಟ್ಯೂಷನ್ ಕೋಣೆ ಸಿಕ್ಕಿತು. ಹನ್ನೊಂದು ವಿದ್ಯಾರ್ಥಿಗಳು ಬಂದರು, ಶಿರಸಿಯವರು ಐವರು, ಸಿದ್ದಾಪುರ ಮತ್ತು ಯಲ್ಲಾಪುರದವರು ಮೂವರು ಮೂವರು. ಲ್ಯಾಪ್‌ಟಾಪ್ ಐದು.

ಮೊದಲ ನಲವತ್ತು ನಿಮಿಷ ಕಲಿಕೆ ಶುರುವಾಗಲೇ ಇಲ್ಲ. ಬೇಕಾದ ಸಾಫ್ಟ್‌ವೇರ್ ಇಳಿಸಿಕೊಳ್ಳಲು ನೆಟ್‌ವರ್ಕ್ ಇಲ್ಲ. ಆಮೇಲೆ ಕರೆಂಟು ಹೋಯಿತು. ಅವಳು ಬೆವತಳು. ಪ್ರಸ್ತಾವದಲ್ಲಿ 'ತಯಾರಿಗೆ ಐದು ನಿಮಿಷ' ಎಂದು ಬರೆದಿದ್ದಳು. ಕೊನೆಗೆ ತನ್ನ ಪೆನ್ ಡ್ರೈವಿನಿಂದಲೇ ಎಲ್ಲರಿಗೂ ಹಾಕಿಕೊಟ್ಟಳು. ಆಗ ನಮಗೆ ಗೊತ್ತಾದ ಸಂಗತಿಯೆಂದರೆ, ಈ ವಿದ್ಯೆಯ ಮೊದಲ ಮೆಟ್ಟಿಲಿಗೆ ಸೂಪರ್ ಕಂಪ್ಯೂಟರ್ ಬೇಕಾಗಿಯೇ ಇಲ್ಲ. ಇಂದಿನ ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಾಲ್ಕು ಮಿದುಳುಗಳಿರುತ್ತವೆ. ಅವುಗಳಿಗೆ ಕೆಲಸ ಹಂಚುವ ಓಪನ್ ಎಂಪಿ ಎಂಬ ವಿಧಾನ 1997ರಿಂದ ಬಳಕೆಯಲ್ಲಿದೆ, ಅದನ್ನು ಬಳಸಲು ಬೇಕಾದ ಸಾಫ್ಟ್‌ವೇರ್ ಉಚಿತ.

ಅವಳು ಕೊಟ್ಟ ಪ್ರೋಗ್ರಾಂ ಲಕ್ಷ ಸಂಖ್ಯೆಗಳನ್ನು ಕೂಡುವುದು. ಒಂದು ಮಿದುಳಿನಿಂದ ಮಾಡಿಸಿದರೆ ಸರಿ ಉತ್ತರ. ನಾಲ್ಕಕ್ಕೆ ಹಂಚಿದರೆ ಒಬ್ಬೊಬ್ಬರ ಪರದೆಯ ಮೇಲೆ ಒಂದೊಂದು ಉತ್ತರ. ಅದೇ ಖಾತೆ ಪುಸ್ತಕದ ಸಮಸ್ಯೆ. ಈ ಸಲ ಅವಳು ಉತ್ತರ ಹೇಳಲಿಲ್ಲ. ಇಪ್ಪತ್ತು ನಿಮಿಷ ಸುಮ್ಮನೆ ನಿಂತಳು. ಅವಳಿಗೆ ಅದು ಎಷ್ಟು ಕಷ್ಟವಾಯಿತು ಎಂಬುದು ಮುಖದಲ್ಲೇ ಕಾಣುತ್ತಿತ್ತು. ಸಿದ್ದಾಪುರದ ಹುಡುಗನೊಬ್ಬ ಹತ್ತು ಸಲ ಓಡಿಸಿ ಹತ್ತೂ ಉತ್ತರಗಳನ್ನು ಪಟ್ಟಿ ಮಾಡಿದ. ಪ್ರತಿ ಸಲವೂ ಮೊತ್ತ ಕಡಿಮೆಯೇ ಬರುತ್ತದೆ, ಹೆಚ್ಚು ಬರುವುದೇ ಇಲ್ಲ, ಆದ್ದರಿಂದ ಎಲ್ಲೋ ಬರೆದದ್ದು ಅಳಿಸಿಹೋಗುತ್ತಿದೆ ಎಂದು ಅವನೇ ಹೇಳಿದ. ಅದು ಅವನ ಚಾಕು. ಅವನಿಗೆ ಅದನ್ನು ಯಾರೂ ಮೊದಲೇ ಹೇಳಿಕೊಟ್ಟಿರಲಿಲ್ಲ.

ಎರಡನೆಯ ಅಭ್ಯಾಸಕ್ಕೆ ಬಂದಾಗ ಒಂದು ಚೌಕವನ್ನು ನಾಲ್ಕು ತುಂಡು ಮಾಡಿ ನಾಲ್ಕು ಮಿದುಳುಗಳಿಗೆ ಹಂಚುವುದನ್ನು, ಹವಾಮಾನದ ಲೆಕ್ಕದಲ್ಲಿ ಮಾಡುವ ಹಾಗೆ, ಅವಳು ವಿವರಿಸುತ್ತಿದ್ದಳು. ಯಲ್ಲಾಪುರ ಕಡೆಯ ಹುಡುಗಿಯೊಬ್ಬಳು ಮೆಲ್ಲಗೆ, 'ನಮ್ಮಜ್ಜಿ ಕವಂದಿ ಹೊಲಿದ ಹಾಗೆ' ಎಂದಳು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು, ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ, ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿಯುವ ಹೊದಿಕೆ ಅದು. ಮೂಲೆಯಿಂದ ಶುರುಮಾಡಿ ಅಂಚು ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಜನ ನಾಲ್ಕು ಮೂಲೆಯಿಂದ ಹೊಲಿಯುತ್ತ ಬಂದರೆ ತುಂಡು ತುಂಡು ಕೂಡುವ ಕಡೆ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಲ್ಲ, ಇಲ್ಲದಿದ್ದರೆ ಅಂಚು ಹೊಂದುವುದಿಲ್ಲ ಎಂಬುದು ಅವಳ ಮಾತು. ನಮ್ಮ ಸೊಸೆ ಪಾಠ ನಿಲ್ಲಿಸಿದಳು. ಮುಂದಿನ ಸ್ಲೈಡಿನಲ್ಲಿ ಅವಳು ಹೇಳಬೇಕಿದ್ದದ್ದೇ ಅದು: ಪ್ರತಿ ಹೆಜ್ಜೆಗೂ ತುಂಡುಗಳು ತಮ್ಮ ಅಂಚಿನ ಲೆಕ್ಕವನ್ನು ನೆರೆಯ ತುಂಡಿಗೆ ತಿಳಿಸಬೇಕು.

ಎಲ್ಲವೂ ಚೆನ್ನಾಯಿತು ಎಂದು ಹೇಳಲಾರೆವು. ಹನ್ನೊಂದರಲ್ಲಿ ಮೂವರಿಗೆ ಸಿ ಭಾಷೆಯ ಪರಿಚಯ ತೀರ ಕಡಿಮೆ ಇತ್ತು. ನಮ್ಮ ಸೊಸೆ ಹೇಳಿದಂತೆಯೇ ಅವರು ಹಿಂದೆ ಉಳಿದರು. ಒಬ್ಬ ಮೊಬೈಲು ನೋಡತೊಡಗಿದ. ಸಿದ್ದಾಪುರದ ಇಬ್ಬರು ಸಂಜೆಯ ಬಸ್ಸಿಗೆಂದು ಕೊನೆಯ ಅಭ್ಯಾಸ ಬಿಟ್ಟು ಎದ್ದರು. ಬಾಗಿಲು ತೆರೆದಿಟ್ಟರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬ ನಮ್ಮ ಹಟಕ್ಕೆ ಅದು ಉತ್ತರವಾಗಿತ್ತು.

ಆ ರಾತ್ರಿ ಅವಳು ಪ್ರಸ್ತಾವವನ್ನು ತಿದ್ದಿದಳು. ಐದು ಅಭ್ಯಾಸ ಎರಡಾಯಿತು. ಮೂರು ತಾಸಿನಲ್ಲಿ ಒಂದೂವರೆ ತಾಸು ಕಲಿಯುವವರ ಕೈಗೆ. ಪ್ರತಿ ಅಭ್ಯಾಸದಲ್ಲೂ ಬೇಕೆಂದೇ ಒಂದು ಕೆಡುವ ಜಾಗ, ಕೆಟ್ಟದ್ದನ್ನು ತಾವೇ ಗುರುತಿಸುವ ಒಂದು ಪರೀಕ್ಷೆ. ಇಬ್ಬರಿಗೆ ಒಂದು ಯಂತ್ರ, ಒಬ್ಬರು ಹೇಳುವುದು, ಒಬ್ಬರು ಒತ್ತುವುದು, ಅರ್ಧಕ್ಕೆ ಅದಲು ಬದಲು. ಆದ್ದರಿಂದ ಲ್ಯಾಪ್‌ಟಾಪ್ ಇಲ್ಲದವರೂ ಬರಬಹುದು. ನೆಟ್‌ವರ್ಕ್ ಕೈಕೊಟ್ಟರೆ ಪೆನ್ ಡ್ರೈವ್. ಹತ್ತು ಜನರಿಗೆ ಒಬ್ಬ ಸಹಾಯಕ. ಸಿ ಭಾಷೆಯ ಷರತ್ತು ಉಳಿಯಿತು. ಆದರೆ ಅದರ ಪಕ್ಕದಲ್ಲಿ ಒಂದು ಸಾಲು ಸೇರಿತು: ರೂಢಿ ಇಲ್ಲದವರಿಗಾಗಿ ಸಮ್ಮೇಳನಕ್ಕೆ ಒಂದು ತಿಂಗಳ ಮೊದಲು ನಾಲ್ಕು ಪೂರ್ವಪಾಠಗಳನ್ನು ಕಳಿಸಿಕೊಡಲಾಗುವುದು, ಕನ್ನಡದಲ್ಲಿ ವಿವರಣೆಯೊಂದಿಗೆ.

ಈ ಪ್ರಸ್ತಾವ ಒಪ್ಪಿಗೆಯಾಗುತ್ತದೋ ಇಲ್ಲವೋ ತಿಳಿಯದು. ಪರಿಶೀಲಕರಿಗೆ ಎರಡೇ ಅಭ್ಯಾಸ ಎಂಬುದು ಬಡಕಲಾಗಿ ಕಾಣಬಹುದು. ಐದು ಬರೆದ ಇನ್ನೊಬ್ಬರಿಗೆ ಅವಕಾಶ ಸಿಗಬಹುದು. ಹಾಗಾದರೆ ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವಳು, 'ಆಗುತ್ತದೆ. ಆದರೆ ಐದು ಎಂದು ಬರೆದು ಎರಡನ್ನು ಮಾಡುವುದಕ್ಕಿಂತ ಕಡಿಮೆ' ಎಂದಳು. ನಮಗನ್ನಿಸುವುದೆಂದರೆ, ಇಂತಹ ಪ್ರಸ್ತಾವಗಳಲ್ಲಿ ಕೇಳುವ ಒಳ್ಳೆಯ ಪ್ರಶ್ನೆಗಳ ಜೊತೆ ಇನ್ನೊಂದನ್ನು ಕೇಳಬೇಕು: ನಿಮ್ಮ ಷರತ್ತಿನಿಂದ ಹೊರಗುಳಿದವರಿಗೆ ನೀವು ಯಾವ ದಾರಿ ತೋರಿಸಿದ್ದೀರಿ? ಎಲ್ಲರನ್ನೂ ಒಳಗೆ ಕೂರಿಸಲು ಯಾವ ಗುರುವಿಗೂ ಆಗದು. ಆದರೆ ಹೊರಗೆ ನಿಂತವರ ಕಡೆ ಬೆನ್ನು ಹಾಕಿ ಬಾಗಿಲು ಎಳೆದುಕೊಳ್ಳುವುದು, ಇಂಥ ಕಡೆಯಿಂದ ಬಂದರೆ ಮುಂದಿನ ಸಲ ನಿನಗೂ ಜಾಗವಿದೆ ಎಂದು ಹೇಳಿ ಮುಚ್ಚುವುದು, ಎರಡೂ ಒಂದೇ ಅಲ್ಲ.

ಆ ಭಾನುವಾರ ಹಿಂದೆ ಉಳಿದ ಮೂವರಲ್ಲಿ ಒಬ್ಬ ಮೊನ್ನೆ ಮಾರುಕಟ್ಟೆಯಲ್ಲಿ ಸಿಕ್ಕಿದ. ಪೂರ್ವಪಾಠಗಳು ಸಿದ್ಧವಾದವೇ ಎಂದು ಕೇಳಿದ. ಎರಡು ಆಗಿವೆ, ಇನ್ನೆರಡು ಬಾಕಿ ಇವೆ ಎಂದೆವು. ಕನ್ನಡದ ವಿವರಣೆಯನ್ನು ತಿದ್ದುವ ಕೆಲಸ ಈಗ ನಮ್ಮ ಮೇಜಿನ ಮೇಲಿದೆ.